ಆರು ನಿಮಿಷಕ್ಕಾಗಿ ಒಂದು ಎಂಜಿನ್

ಅಮೆರಿಕದಲ್ಲಿ ಹಳೆ ಪಿಕಪ್‌ಗಳ ವ್ಯಾಪಾರ ಬಲ್ಲವರು 1989ರಿಂದ 1998ರವರೆಗಿನ ಡೀಸೆಲ್ ಡಾಡ್ಜ್ ರ‍್ಯಾಮ್ ಕಂಡರೆ ಬಾಗಿಲಿನ ತುಕ್ಕನ್ನೂ ಬಿರುಕುಬಿಟ್ಟ ಡ್ಯಾಶ್‌ಬೋರ್ಡನ್ನೂ ಲೆಕ್ಕಕ್ಕಿಡುವುದಿಲ್ಲ. ಅವರ ಕಣ್ಣೆಲ್ಲ ಬಾನೆಟ್ಟಿನ ಕೆಳಗೆ. ಅಲ್ಲಿ 5.9 ಲೀಟರಿನ, ಆರು ಸಿಲಿಂಡರ್‌ಗಳ ಕಮ್ಮಿನ್ಸ್ ಎಂಜಿನ್ ಕೂತಿರುತ್ತದೆ. ನಮಗೂ ಅದು ಹೊಸಬನೇನಲ್ಲ. ಜಮ್ಶೆಡ್‌ಪುರದ ಟಾಟಾ ಕಮ್ಮಿನ್ಸ್ ಕಾರ್ಖಾನೆಯಲ್ಲಿ ತಯಾರಾಗಿ ಟಾಟಾ ಲಾರಿಗಳಿಗೆ ಏರಿದ್ದು ಇದೇ ಬಿ ಸರಣಿಯ ಎಂಜಿನ್. ಲಾರಿಗೆ, ಕೃಷಿ ಯಂತ್ರಕ್ಕೆ ಹೊಂದುವ ಎಂಜಿನ್ನನ್ನು ತಂದು ಪಿಕಪ್‌ಗೆ ಕೂರಿಸಿದ್ದರಿಂದ ಅದರ ಆಯಸ್ಸು ಗಾಡಿಯ ಆಯಸ್ಸಿಗಿಂತ ದೊಡ್ಡದಾಯಿತು.

1989ರಲ್ಲಿ ಅದರ ಶಕ್ತಿ 160 ಎಚ್‌ಪಿ, ಟಾರ್ಕ್ 540 ನ್ಯೂಟನ್ ಮೀಟರ್ ಆಸುಪಾಸು. ಇಂದಿನ ಪಿಕಪ್‌ಗಳ ಮುಂದೆ ಇದು ಬಡಕಲು ಲೆಕ್ಕ. ಹಾಗಾಗಿ ಹಿಂದೆ ಟ್ರೈಲರ್ ಕಟ್ಟಿಕೊಂಡು ಬೆಟ್ಟ ಹತ್ತುವಾಗ ಪಕ್ಕದವರೆಲ್ಲ ದಾಟಿ ಹೋದರೆ, ಮಾಲೀಕನಿಗೆ ಮೊದಲು ಹೊಳೆಯುವುದು ಒಂದೇ: ಎಂಜಿನ್ನಿಗೆ ಇನ್ನಷ್ಟು ತಾಕತ್ತು ಕೊಡೋಣ.

ಈ ಗಾಡಿಯಲ್ಲಿ ಆ ಆಸೆ ಬಹಳ ಸುಲಭವಾಗಿ ಕೈಗೆಟಕುತ್ತದೆ. 1994ರಿಂದ 1998ರವರೆಗಿನ ಹನ್ನೆರಡು ವಾಲ್ವ್‌ಗಳ ಮಾದರಿಗೆ ಇರುವುದು ಬಾಷ್ ಕಂಪನಿಯ ಪಿ7100 ಇನ್‌ಲೈನ್ ಡೀಸೆಲ್ ಪಂಪ್. ಬೆಂಗಳೂರಿನ ಆಡುಗೋಡಿಯಲ್ಲಿ ಬಾಷ್ ಪರವಾನಗಿಯಡಿ ದಶಕಗಳ ಕಾಲ ಡೀಸೆಲ್ ಪಂಪ್ ಮಾಡಿದ ಮೈಕೋ ಕಂಪನಿಯ ದಯೆಯಿಂದ ನಮ್ಮ ಲಾರಿ ಮೆಕ್ಯಾನಿಕ್‌ಗಳಿಗೆ ಇಂಥ ಪಂಪಿನ ಒಳಗುಟ್ಟು ಚೆನ್ನಾಗಿ ಗೊತ್ತು. ಕಂಪ್ಯೂಟರಿನ ಹಂಗಿಲ್ಲ. ಡೀಸೆಲ್ ಎಷ್ಟು ಹೋಗಬೇಕೆಂಬ ಮಿತಿಯನ್ನು ಒಳಗಿನ ಒಂದು ಸಣ್ಣ ಉಕ್ಕಿನ ತಗಡು ಕಾಯುತ್ತದೆ. ಅದನ್ನು ಮುಂದಕ್ಕೆ ಸರಿಸಿದರೆ ಅಥವಾ ಬೇರೆ ಆಕಾರದ ತಗಡು ಹಾಕಿದರೆ, ಒಂದು ಮಧ್ಯಾಹ್ನದ ಕೆಲಸದಲ್ಲಿ ಶಕ್ತಿ ಎಷ್ಟೋ ಪಾಲು ಮೇಲೇರುತ್ತದೆ.

ಆದರೆ ಬಿಟ್ಟ ಡೀಸೆಲ್ ಉರಿಯುವುದಕ್ಕೆ ಗಾಳಿ ಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಕಡಿಮೆಯಾದರೆ ಬಿಸಿ ಏರುವ ಅಪಾಯ. ಡೀಸೆಲ್‌ನಲ್ಲಿ ಇದು ತಿರುಗುಮುರುಗು, ಇಂಧನ ಹೆಚ್ಚಿದಷ್ಟೂ ಬಿಸಿ. ಸೈಲೆನ್ಸರಿನಿಂದ ಏಳುವ ಕರಿ ಹೊಗೆಯನ್ನು ಕೆಲವರು ಪೌರುಷದ ಬಾವುಟದಂತೆ ಹಾರಿಸುತ್ತಾರೆ. ಅದು ಪೂರ್ತಿ ಉರಿಯದೆ ಹೊರಬಿದ್ದ ಡೀಸೆಲ್, ಅಂದರೆ ಸುಮ್ಮನೆ ಪೋಲಾದ ದುಡ್ಡು. ಗಾಳಿ ಸಾಲದಾದಾಗ ಟರ್ಬೊಗೆ ಹೋಗುವ ಹೊಗೆಯ ಬಿಸಿ ಏರುತ್ತದೆ, ಅದರ ಜೊತೆಗೆ ಅಲ್ಯೂಮಿನಿಯಂ ಪಿಸ್ಟನ್ನಿನ ತಲೆಯೂ ಕಾಯುತ್ತದೆ. ಎಷ್ಟೇ ದೊಡ್ಡ ಏರಿದ್ದರೂ ಈ ಹೊಗೆಯ ಬಿಸಿ ಸುಮಾರು 675 ಡಿಗ್ರಿ ಸೆಲ್ಸಿಯಸ್ ದಾಟಿ ನಿಲ್ಲಬಾರದು ಎಂಬುದು ಈ ಎಂಜಿನ್ ಓಡಿಸುವವರಲ್ಲಿ ರೂಢಿಯಾದ ಗಡಿ. ಓಟದ ಪಂದ್ಯದಲ್ಲಿ ಹತ್ತು ಸೆಕೆಂಡ್ ಗಡಿ ಮೀರಿದರೆ ಎಂಜಿನ್ ತಾಳಿಕೊಳ್ಳುತ್ತದೆ. ಭಾರ ಎಳೆಯುವವನು ಅದನ್ನು ಹದಿನೈದು ನಿಮಿಷ ಬಿಡುವಿಲ್ಲದೆ ಮೀರುತ್ತಾನೆ. ಹಾಗಾಗಿ ಪಂಪಿಗೆ ಕೈ ಹಾಕುವ ಮೊದಲು ಈ ಬಿಸಿ ತೋರಿಸುವ ಮೀಟರನ್ನು ಡ್ಯಾಶ್‌ಬೋರ್ಡಿಗೆ ಹಾಕಿಸದವರ ಬಗ್ಗೆ ನನಗೆ ಸ್ವಲ್ಪವೂ ಕನಿಕರವಿಲ್ಲ.

ಇಷ್ಟೆಲ್ಲ ಮಾಡಿ ಗಳಿಸುವುದಾದರೂ ಏನು? ಅರಿಜೋನಾದ ಬುಲ್‌ಹೆಡ್ ಸಿಟಿಯಿಂದ ಹೊರಟು ಮರುಭೂಮಿಯ ಬೆಟ್ಟ ಹತ್ತುವ ಡೇವಿಸ್ ಡ್ಯಾಮ್ ಏರು ಎಂಬ ರಸ್ತೆಯಿದೆ. ಉದ್ದ ಸುಮಾರು 18 ಕಿಲೋಮೀಟರ್, ಏರುವ ಎತ್ತರ ಸುಮಾರು 900 ಮೀಟರ್. ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ 2008ರಲ್ಲಿ ಪ್ರಕಟಿಸಿದ ಜೆ2807 ಎಂಬ ಮಾನದಂಡ, ಎಳೆಯುವ ಸಾಮರ್ಥ್ಯ ಅಳೆಯಲು ಈ ರಸ್ತೆಯನ್ನೇ ಆರಿಸಿಕೊಂಡಿತು. 38 ಡಿಗ್ರಿ ಬಿಸಿಲು, ಎಸಿ ಪೂರ್ತಿ ಚಾಲೂ. ಆ ಸ್ಥಿತಿಯಲ್ಲಿ ಸಾಮಾನ್ಯ ಪಿಕಪ್ ಗಂಟೆಗೆ 64 ಕಿಲೋಮೀಟರಿಗಿಂತ ಕೆಳಗಿಳಿಯದೆ ಮೇಲೆ ತಲುಪಬೇಕು.

ಗಾಡಿ, ಟ್ರೈಲರ್, ಸಾಮಾನು, ಜನ ಎಲ್ಲ ಸೇರಿ ಐದು ಟನ್ ಎನ್ನೋಣ. ಟ್ರೈಲರ್ ಅಗಲ ಮುಖದ ದೊಡ್ಡ ಡಬ್ಬಿ. 64ರ ವೇಗದಲ್ಲಿ ಹತ್ತಲು ಚಕ್ರದ ಬಳಿ ಬೇಕಾಗುವ ಶಕ್ತಿ, ನನ್ನ ಅಂದಾಜಿನ ಪ್ರಕಾರ, ಸುಮಾರು 90 ಎಚ್‌ಪಿ. ಇದರಲ್ಲಿ ಮೂರರಲ್ಲಿ ಎರಡು ಪಾಲು ಭಾರವನ್ನು ಮೇಲೆತ್ತುವುದಕ್ಕೇ ಹೋಗುತ್ತದೆ. ಗೇರ್‌ಬಾಕ್ಸ್, ಆಕ್ಸಲ್‌ಗಳಲ್ಲಿ ಕಳೆದುಹೋಗುವುದನ್ನು ಲೆಕ್ಕ ಹಿಡಿದರೂ ಹಳೆಯ 160 ಎಚ್‌ಪಿ ಎಂಜಿನ್ನಿಗೆ ಇದು ಧಾರಾಳ. ಅದೇ ಏರನ್ನು 100ರ ವೇಗದಲ್ಲಿ ಹತ್ತಬೇಕೆಂದರೆ ಚಕ್ರದ ಬಳಿ 180 ಎಚ್‌ಪಿ ಬೇಕು, ಎಂಜಿನ್ನಿನಲ್ಲಿ 210ರ ಮೇಲೆ. ವೇಗ ಒಂದೂವರೆ ಪಟ್ಟು, ಶಕ್ತಿ ಎರಡು ಪಟ್ಟು. ನಡುವಿನ ಕಂದಕ ತೋಡಿದ್ದು ಗಾಳಿಯ ತಡೆ. ಉಳಿದ ಸಮಯ? 64ರಲ್ಲಿ ಹದಿನೇಳು ನಿಮಿಷ, 100ರಲ್ಲಿ ಹನ್ನೊಂದು. ಎಂಜಿನ್ ಬದಲಿಸಿಯೋ ಪಂಪ್ ತಿದ್ದಿಯೋ ನಾವು ಕೊಳ್ಳುತ್ತಿರುವುದು ಈ ಆರು ನಿಮಿಷವನ್ನು. ಬೆಟ್ಟ ಹತ್ತುವ ಯೋಗ್ಯತೆ ಗಾಡಿಗೆ ಮೊದಲೇ ಇತ್ತು.

ಆ ಆರು ನಿಮಿಷದ ಬೆಲೆಯನ್ನು ಎಂಜಿನ್ ಒಂದೇ ತೆರುವುದಿಲ್ಲ. ಡಾಡ್ಜ್ ಕಂಪನಿಗೇ ಇದು ತಿಳಿದಿತ್ತು. 1996ರಿಂದ ಇದೇ ಎಂಜಿನ್ನನ್ನು ಮ್ಯಾನ್ಯುಯಲ್ ಗೇರ್ ಇರುವ ಗಾಡಿಗೆ 215 ಎಚ್‌ಪಿಗೆ ಹೊಂದಿಸಿ ಕೊಟ್ಟರೆ, ಆಟೊಮ್ಯಾಟಿಕ್‌ಗೆ 180 ಮಾತ್ರ ಕೊಟ್ಟರು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಅದಕ್ಕಿಂತ ಹೆಚ್ಚು ತಾಳದೆಂಬ ಒಪ್ಪಿಗೆ ಅದು. ಅದರೊಳಗಿನ ಟಾರ್ಕ್ ಕನ್ವರ್ಟರ್ ಜಾರಿದಷ್ಟೂ ಎಣ್ಣೆ ಕಾಯುತ್ತದೆ, ಕಾದ ಎಣ್ಣೆ ಕ್ಲಚ್ ಪ್ಲೇಟುಗಳನ್ನು ಸುಡುತ್ತದೆ. ತಗಡು ಸರಿಸಿ ಖುಷಿಪಟ್ಟವರಲ್ಲಿ ಬಹಳ ಮಂದಿ ಮುಂದೆ ಗೇರ್‌ಬಾಕ್ಸಿಗೆ ದುಡ್ಡು ಸುರಿಯುತ್ತಾರೆ.

(ಈ ಎಂಜಿನ್ನಿಗೆ ಇನ್ನೊಂದು ಕುಖ್ಯಾತಿಯೂ ಇದೆ. ಮುಂಭಾಗದ ಟೈಮಿಂಗ್ ಗೇರ್ ಹೌಸಿಂಗನ್ನು ನೇರವಾಗಿ ಕೂರಿಸಲು ಹಾಕಿದ ಒಂದು ಸಣ್ಣ ಉಕ್ಕಿನ ಪಿನ್ ವರ್ಷಗಳ ಅದುರಾಟಕ್ಕೆ ಸಡಿಲವಾಗಿ ಗೇರುಗಳ ನಡುವೆ ಬೀಳಬಹುದು. ಬಿದ್ದರೆ ಎಂಜಿನ್ನಿನ ಕಥೆ ಮುಗಿದಂತೆಯೇ. ಪರಿಹಾರ, ಪಿನ್ ಹೊರಬಾರದಂತೆ ಬೋಲ್ಟಿನಡಿ ಕೂರಿಸುವ ಒಂದು ಲೋಹದ ತುಣುಕು. ಹೊಸ ಟರ್ಬೊ ಕೊಳ್ಳುವ ಮೊದಲು ಇದಾಗಬೇಕು.)

ಹತ್ತಿದ್ದನ್ನು ಇಳಿಯಬೇಕಲ್ಲ. ಐದು ಟನ್ ಭಾರ 900 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 12 ಯೂನಿಟ್ ವಿದ್ಯುತ್ತಿನಷ್ಟು. ಸಣ್ಣ ಸಂಸಾರವೊಂದು ಎರಡು ಮೂರು ದಿನ ಉರಿಸುವ ಕರೆಂಟನ್ನು ಕಾಲುಗಂಟೆಯಲ್ಲಿ ಬಿಸಿಯಾಗಿ ಹೊರಹಾಕಬೇಕಾದ್ದು ಗಾಳಿ, ಎಂಜಿನ್ ಮತ್ತು ಬ್ರೇಕು. ಡೀಸೆಲ್ ಎಂಜಿನ್ನಿಗೆ ಗಾಳಿ ಕಟ್ಟುವ ಥ್ರಾಟಲ್ ಇಲ್ಲ, ಆದ್ದರಿಂದ ಕಾಲೆತ್ತಿದಾಗ ಪೆಟ್ರೋಲ್ ಗಾಡಿಯಂತೆ ಅದು ಹಿಡಿದೆಳೆಯುವುದಿಲ್ಲ. ಹಾಗೆಂದೇ ಹೊಗೆಯ ದಾರಿ ಕಟ್ಟಿ ಎಂಜಿನ್ನಿನಿಂದಲೇ ಗಾಡಿಯನ್ನು ತಡೆಯುವ ಎಕ್ಸಾಸ್ಟ್ ಬ್ರೇಕ್. ನಮ್ಮ ಘಾಟಿ ಲಾರಿಗಳ ಚಾಲಕರಿಗೆ ಅದು ನಿತ್ಯದ ಒಡನಾಡಿ. ಹನ್ನೆರಡು ವಾಲ್ವಿನ ಕಮ್ಮಿನ್ಸ್‌ಗೆ ಅದನ್ನು ಪೂರ್ತಿ ಬಳಸಬೇಕಾದರೆ ಎಕ್ಸಾಸ್ಟ್ ವಾಲ್ವುಗಳಿಗೆ ಗಡಸು ಸ್ಪ್ರಿಂಗ್ ಹಾಕಿಸಬೇಕು. ಟ್ರೈಲರಿಗೆ ಅದರದೇ ಎಲೆಕ್ಟ್ರಿಕ್ ಬ್ರೇಕ್, ಅದರ ಹಿಡಿತ ಚಾಲಕನ ಕೈಯಲ್ಲಿ. ನನ್ನನ್ನು ಕೇಳಿದರೆ ಮೊದಲ ಡಾಲರ್ ಇಲ್ಲಿಗೆ, ಎರಡನೆಯದು ರೇಡಿಯೇಟರ್ ಮತ್ತು ಗೇರ್ ಎಣ್ಣೆಯ ಕೂಲರಿಗೆ.

ಮೂರನೆಯದು ಆಕ್ಸಲ್ಲಿನೊಳಗಿನ ಗೇರ್ ಜೋಡಿಯಾದ ಕ್ರೌನ್ ಪಿನಿಯನ್‌ಗೆ. 3.54ರ ಅನುಪಾತದ ಜಾಗದಲ್ಲಿ 4.10 ಕೂರಿಸಿದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸಿಗುವ ಎಳೆತ ಸುಮಾರು ಶೇ 16ರಷ್ಟು ಹೆಚ್ಚುತ್ತದೆ. ಒಟ್ಟು ಎಚ್‌ಪಿ ಬೆಳೆಯದಿದ್ದರೂ ನಿಂತಲ್ಲಿಂದ ಹೊರಡುವಾಗ ಕ್ಲಚ್ ಮತ್ತು ಕನ್ವರ್ಟರ್ ಅಷ್ಟು ನರಳುವುದಿಲ್ಲ. ಬಯಲಲ್ಲಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಯಾದರೆ ಮುಂದಿನದನ್ನೂ ಹಿಂದಿನದನ್ನೂ ಒಟ್ಟಿಗೇ ಬದಲಿಸಬೇಕು, ಖರ್ಚು ದುಪ್ಪಟ್ಟು.

ಎಂಜಿನ್ ಬದಲಿಸುವುದೇ ಸರಿಯೆನಿಸುವ ಸಂದರ್ಭ ಇಲ್ಲವೆಂದಲ್ಲ. ಟರ್ಬೊ ಇಲ್ಲದ ಹಳೆ ಪೆಟ್ರೋಲ್ ಪಿಕಪ್‌ನಲ್ಲಿ ಕೊಲೊರಾಡೊದ ಐಸೆನ್‌ಹೋವರ್ ಸುರಂಗದ ಕಡೆ ಹೊರಟವನು ಸುಮಾರು 3,400 ಮೀಟರ್ ಎತ್ತರಕ್ಕೇರುತ್ತಾನೆ. ಅಲ್ಲಿನ ತೆಳುಗಾಳಿಯಲ್ಲಿ ಎಂಜಿನ್ನಿನ ಶಕ್ತಿಯಲ್ಲಿ ಮೂರನೇ ಒಂದು ಪಾಲಿನಷ್ಟು ಆವಿಯಾಗಿರುತ್ತದೆ. ಅವನಿಗೆ ಟರ್ಬೊ ಇರುವ ಎಂಜಿನ್ ಚಟದ ಮಾತಲ್ಲ. ಆದರೂ ಬಾಗಿಲ ಕಂಬದ ಮೇಲೆ ಕಾರ್ಖಾನೆ ಅಂಟಿಸಿದ ಭಾರಮಿತಿಯ ಚೀಟಿ ಎಂಜಿನ್ ಬದಲಾಯಿತೆಂದು ಬದಲಾಗದು. ಚೌಕಟ್ಟು, ಆಕ್ಸಲ್, ಬ್ರೇಕು, ಟೈರು ಹಳೆಯವೇ.

ಕಾನೂನನ್ನೂ ನೋಡಬೇಕು. ಮಾಲಿನ್ಯ ತಡೆಯುವ ಸಾಧನಗಳನ್ನು ಕಿತ್ತುಹಾಕುವುದು ಅಮೆರಿಕದ ಕೇಂದ್ರ ಕಾನೂನಿನಡಿ ನಿಷಿದ್ಧ. ಕ್ಯಾಲಿಫೋರ್ನಿಯಾದಲ್ಲಿ 1998 ಮತ್ತು ಅನಂತರದ ಡೀಸೆಲ್ ಪಿಕಪ್‌ಗಳಿಗೆ ಹೊಗೆ ತಪಾಸಣೆ ಕಡ್ಡಾಯ, 1997 ಮತ್ತು ಹಿಂದಿನವಕ್ಕೆ ತಪಾಸಣೆಯಿಂದ ವಿನಾಯಿತಿ. ಹನ್ನೆರಡು ವಾಲ್ವಿನ ಕಮ್ಮಿನ್ಸ್ 1997ರ ಗಾಡಿಯಲ್ಲೂ ಇದೆ, 1998ರ ಮೊದಲ ತಂಡದ ಗಾಡಿಗಳಲ್ಲೂ ಇದೆ. ಅಲ್ಲಿ ಕೊಳ್ಳಲು ಹೊರಟವರು ಬಾನೆಟ್ ಎತ್ತುವ ಮೊದಲು ಗಾಡಿ ಯಾವ ವರ್ಷದ ಮಾದರಿ ಎಂದು ಓದಿಕೊಳ್ಳುವುದು ಒಳ್ಳೆಯದು.