ಸದ್ದು ಚೆನ್ನಾಗಿದ್ದರೆ ಸಾಕೇ?

ಮೊನ್ನೆ ಗೆಳೆಯನೊಬ್ಬ ಮನೆಗೆ ಬಂದಿದ್ದ. ಬೀಥೋವನ್‌ನ ಒಂಬತ್ತನೇ ಸಿಂಫನಿ ಹಾಕಿದ್ದೆ. ಎರಡು ನಿಮಿಷ ಕೇಳಿದವನೇ, "ಏನೋ ಇದು, ಒಗ್ಗರಣೆ ಸೀಯ್ತಾ ಇರೋ ಹಾಗೆ ಬರೀ ಸುಯ್ ಅಂತಿದೆ! ಇಷ್ಟು ಒಳ್ಳೇ ಸ್ಪೀಕರ್ ಇಟ್ಕೊಂಡು ಇಂಥದ್ದು ಕೇಳ್ತೀಯಲ್ಲ ಮಾರಾಯ" ಅಂದ. ಅವತ್ತು ಉತ್ತರ ಹೊಳೆಯಲಿಲ್ಲ. ಅದಕ್ಕೇ ಈ ಬರಹ.

ಅದು 1951ರ ಜುಲೈ 29ರಂದು ಜರ್ಮನಿಯ ಬೈರಾಯ್ಟ್‌ನಲ್ಲಿ ಫುರ್ಟ್‌ವೆಂಗ್ಲರ್ ನಡೆಸಿಕೊಟ್ಟ ಕಛೇರಿ. ಯುದ್ಧದ ನಂತರ ಅಲ್ಲಿನ ಉತ್ಸವ ಮತ್ತೆ ಶುರುವಾದ ದಿನ. ಮೊನೊ ರೆಕಾರ್ಡಿಂಗ್, ಜೊತೆಗೆ ಸಭಿಕರ ಕೆಮ್ಮು. ಇದರ ಪಕ್ಕದಲ್ಲಿ ಕರಾಯನ್ 1962ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ ಮಾಡಿದ ಸ್ಟೀರಿಯೋ ರೆಕಾರ್ಡಿಂಗ್ ಇಡಿ. ಬರ್ಲಿನ್ನಿನ ಒಂದು ಚರ್ಚಿನಲ್ಲಿ ಧ್ವನಿಮುದ್ರಿಸಿದ್ದು. ಒಂದೊಂದು ವಾದ್ಯವೂ ಎಲ್ಲಿ ಕೂತಿದೆ ಅಂತ ಬೆರಳು ಮಾಡಿ ತೋರಿಸಬಹುದು. ನಾನು ಈ ಸಿಂಫನಿ ಕಲಿತದ್ದೇ ಅದರಿಂದ, ಸುಳ್ಳು ಹೇಳಲಾರೆ.

ಆದರೆ ಕೊನೆಯ ಭಾಗದಲ್ಲಿ, ಎಲ್ಲರಿಗೂ ಗೊತ್ತಿರುವ ಆ 'ಆನಂದ'ದ ರಾಗ ಮೊದಲ ಸಲ ಬರುತ್ತದಲ್ಲ, ಬರೀ ಚೆಲ್ಲೋ ಮತ್ತು ಡಬಲ್ ಬೇಸ್‌ಗಳಲ್ಲಿ? ಕರಾಯನ್‌ನಲ್ಲಿ ಅದು ಚೆಂದದ ರಾಗ. ಫುರ್ಟ್‌ವೆಂಗ್ಲರ್ ಅದಕ್ಕೆ ಮುಂಚೆ ಉದ್ದಕ್ಕೆ ಸುಮ್ಮನಿದ್ದು, ಆಮೇಲೆ ಕೇಳಿಸುತ್ತದೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಶುರು ಮಾಡುತ್ತಾನೆ. ಆ ಸುಯ್ ಸದ್ದಿನೊಳಗಿಂದ ರಾಗ ಹುಟ್ಟಿ ಬರುವುದನ್ನು ಕೇಳುವಾಗ ನನಗೆ ಉಸಿರು ಬಿಡುವುದೂ ಮರೆತುಹೋಗುತ್ತದೆ. ಕಡೆಗಂತೂ ಎಷ್ಟು ವೇಗ ಅಂದರೆ ವಾದ್ಯವೃಂದವೇ ಚೆಲ್ಲಾಪಿಲ್ಲಿಯಾಗುತ್ತದೆ. ತಪ್ಪೇ ಸರಿ. ಆದರೆ ಆ ತಪ್ಪಿಲ್ಲದಿದ್ದರೆ ಆ ಸಂಜೆಯೂ ಇಲ್ಲ.

ಹಾಗಂತ ಹಳೆಯದೆಲ್ಲ ಹೊನ್ನು ಅಂತಲೂ ಅಲ್ಲ. ಜಾನ್ ಎಲಿಯಟ್ ಗಾರ್ಡಿನರ್ 1990ರ ದಶಕದಲ್ಲಿ ಬೀಥೋವನ್‌ನ ಕಾಲದ ವಾದ್ಯಗಳನ್ನೇ ಹಿಡಿದು, ಅವನೇ ಬರೆದಿಟ್ಟ ವೇಗಕ್ಕೆ ಹತ್ತಿರದಲ್ಲಿ ನುಡಿಸಿದ. ಫುರ್ಟ್‌ವೆಂಗ್ಲರ್ 19 ನಿಮಿಷಕ್ಕೂ ಹೆಚ್ಚು ಎಳೆಯುವ ಮೂರನೇ ಭಾಗ ಇವನಲ್ಲಿ ಸುಮಾರು 12 ನಿಮಿಷಕ್ಕೇ ಮುಗಿಯುತ್ತದೆ! ಒಂದು ಪ್ರಾರ್ಥನೆ, ಇನ್ನೊಂದು ಹಾಡು. ಯಾವುದು ಸರಿ ಅಂತ ಯಾವ ಸ್ಪೀಕರೂ ಹೇಳಲಾರದು.

ಹೋಲಿಸಿ ನೋಡುವವರಿಗೆ ಒಂದು ಕಿವಿಮಾತು. ಮೊದಲು ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾಗಿರುವುದೇ ನಮ್ಮ ಕಿವಿಗೆ 'ಚೆನ್ನಾಗಿದೆ' ಅನ್ನಿಸಿಬಿಡುತ್ತದೆ. ಹಾಗೆಯೇ, ಗದ್ದಲವನ್ನೆಲ್ಲ ತೆಗೆದು 'ಶುದ್ಧ' ಮಾಡಿದ ಪ್ರತಿಗಳ ಬಗ್ಗೆ ಹುಷಾರು. ಗದ್ದಲದ ಜೊತೆ ಪಿಟೀಲಿನ ಮೇಲುನಾದದ ಹೊಳಪನ್ನೂ ಉಜ್ಜಿ ಹಾಕಿರುತ್ತಾರೆ. ಪಾತ್ರೆ ತಿಕ್ಕಿ ತಿಕ್ಕಿ ಕಲಾಯಿ ಕಿತ್ತ ಹಾಗೆ.

ಅಂದ ಹಾಗೆ, ಈ ಕಥೆಯಲ್ಲಿ ನಮ್ಮ ಮೈಸೂರೂ ಇದೆ. ರಿಚರ್ಡ್ ಸ್ಟ್ರೌಸ್‌ನ 'ಕೊನೆಯ ನಾಲ್ಕು ಹಾಡುಗಳು' ಮೊದಲ ಬಾರಿ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಇದೇ ಫುರ್ಟ್‌ವೆಂಗ್ಲರ್. ಆ ಕಛೇರಿಯ ಖರ್ಚಿಗೆ ಖಾತರಿ ನಿಂತು, ತಮ್ಮ ಸಂಗ್ರಹಕ್ಕೆ ಅದನ್ನು ಧ್ವನಿಮುದ್ರಿಸುವಂತೆ ಮಾಡಿದವರು ಜಯಚಾಮರಾಜ ಒಡೆಯರ್. ಉಳಿದಿರುವ ಧ್ವನಿಮುದ್ರಣ ತೀರಾ ಕಳಪೆ, ಕೆಲವು ಕಡೆ ಕಿವಿಗೊಟ್ಟು ಹುಡುಕಬೇಕು. ಅದನ್ನು ಸದ್ದು ಸರಿಯಿಲ್ಲ ಅಂತ ಎಸೆಯೋಣವೇ?

ಮನ್ಸೂರರ ಹಳೇ ಕಛೇರಿಯ ಕ್ಯಾಸೆಟ್ಟುಗಳನ್ನು ನಾವು ಹಾಗೆ ಎಸೆಯುವುದಿಲ್ಲವಲ್ಲ. ಸಿಂಫನಿಗೆ ಮಾತ್ರ ಯಾಕೆ ಬೇರೆ ನ್ಯಾಯ?

ಹೊಸದಾಗಿ ಕೇಳುವವರು ಕರಾಯನ್‌ನಿಂದಲೇ ಶುರು ಮಾಡಿ. ದಾರಿ ಗೊತ್ತಾದ ಮೇಲೆ ಒಂದು ರಾತ್ರಿ ದೀಪ ಆರಿಸಿ ಬೈರಾಯ್ಟ್‌ಗೆ ಹೋಗಿ ಬನ್ನಿ. ಹತ್ತು ನಿಮಿಷದಲ್ಲಿ ಆ ಸುಯ್ ಸದ್ದು ಕಿವಿಯಿಂದ ಮಾಯವಾಗುತ್ತದೆ. ಆಗದಿದ್ದರೆ ನನಗೆ ಬಯ್ಯಿರಿ.

ಗೆಳೆಯ ಈ ಭಾನುವಾರ ಮತ್ತೆ ಬರುತ್ತೇನೆ ಅಂದಿದ್ದಾನೆ. ಕೂರಿಸಿ ಪೂರ್ತಿ ಕೇಳಿಸಬೇಕು. ನೀವೇನಂತೀರಿ?