ಗುಜರಿ ಎಂದವರಿಗೆ ಒಂದು ಉತ್ತರ

ಕಳೆದ ತಿಂಗಳು ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಮಿತ್ರರೊಬ್ಬರು ನನಗೆ ‘ಗುಜರಿ ಮೇಷ್ಟ್ರು’ ಎಂಬ ಬಿರುದನ್ನು ದಯಪಾಲಿಸಿದರು. ನನ್ನ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ ಬಟ್ಟೆ ಒಗೆಯುವ ಹಳೆಯ ಯಂತ್ರಗಳು ಐದು ಇವೆ. ಅವುಗಳಲ್ಲಿ ಮೂರು ಈಗಲೂ ನಡೆಯುತ್ತವೆ. ನಡೆಯುವಂತೆ ಮಾಡಿದವನು ನಾನು. ಬಿರುದು ಬಂದುದು ಈ ಅಪರಾಧಕ್ಕಾಗಿ. ಕನ್ನಡ ಪಾಠ ಹೇಳುವವನು ಓಲೆಗರಿ ಕೂಡಿಸಲಿ, ಶಾಸನ ಓದಲಿ. ವಾಷಿಂಗ್ ಮೆಷೀನಿನ ಹೊಟ್ಟೆಯೊಳಗೆ ಕೈಹಾಕಿ ಕುಳಿತರೆ ಅದನ್ನು ಏನೆಂದು ಕರೆಯಬೇಕು ಎಂಬುದು ಅವರ ಪ್ರಶ್ನೆ. ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಆ ನಗೆಯ ಹಿಂದೆ ಒಂದು ಅಭಿಪ್ರಾಯವಿದೆ. ಅದು ತಪ್ಪು ಅಭಿಪ್ರಾಯವೆಂದು ನನ್ನ ನಂಬಿಕೆ. ಆದ್ದರಿಂದ ಈ ಉತ್ತರ.

ಅದೇ ಮಿತ್ರರ ಕೈಯಲ್ಲಿ ಅವರ ತಂದೆಯವರ ಎಚ್.ಎಂ.ಟಿ. ಗಡಿಯಾರವಿದೆ. ಪ್ರತಿದಿನ ಬೆಳಗ್ಗೆ ಅದಕ್ಕೆ ಕೀಲಿ ಕೊಡುವುದನ್ನು ಅವರು ಸಂಧ್ಯಾವಂದನೆಯಷ್ಟೇ ನಿಷ್ಠೆಯಿಂದ ನಡೆಸುತ್ತಾರೆ. ಅದನ್ನು ಯಾರೂ ಗುಜರಿ ಎಂದಿಲ್ಲ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಮೋಟಾರ್ ಸೈಕಲ್ಲುಗಳನ್ನು ಇಂದಿಗೂ ಒರೆಸಿ, ಎಣ್ಣೆ ಹಾಕಿ, ಮೆರವಣಿಗೆ ಹೊರಡಿಸುವವರಿದ್ದಾರೆ. ಜನ ರಸ್ತೆಯ ಬದಿಯಲ್ಲಿ ನಿಂತು ನೋಡುತ್ತಾರೆ. ಗಡಿಯಾರ ಪರಂಪರೆ, ಮೋಟಾರ್ ಸೈಕಲ್ಲು ಪರಂಪರೆ; ಒಗೆಯುವ ಯಂತ್ರ ಮಾತ್ರ ಗುಜರಿ! ಈ ಭೇದ ಎಲ್ಲಿಂದ ಬಂತು? ಯಂತ್ರದ ವಯಸ್ಸಿನಿಂದ ಬಂದುದಲ್ಲ, ಅದರ ಸೊಗಸಿನಿಂದ ಬಂದುದೂ ಅಲ್ಲ. ಗಂಡಸು ಕಟ್ಟಿಕೊಂಡದ್ದು, ಗಂಡಸು ಏರಿದ್ದು ನಮ್ಮ ಕಣ್ಣಿಗೆ ಚರಿತ್ರೆಯಾಗುತ್ತದೆ; ಹೆಂಗಸು ಬಚ್ಚಲಿನ ಪಕ್ಕದಲ್ಲಿ ದುಡಿಸಿದ್ದು ಕಬ್ಬಿಣದ ತೂಕಕ್ಕೆ ಹೋಗುತ್ತದೆ. ನಾನು ನೋಡಿದ ವಸ್ತುಸಂಗ್ರಹಾಲಯಗಳಲ್ಲಿ ಖಡ್ಗಗಳಿವೆ, ಪಲ್ಲಕ್ಕಿಗಳಿವೆ. ಒಗೆಯುವ ಕಲ್ಲೊಂದನ್ನು ಕಂಡ ನೆನಪಿಲ್ಲ. ತರಗತಿಯಲ್ಲಿ ಮಡಿವಾಳ ಮಾಚಿದೇವನನ್ನು ಪಾಠ ಹೇಳಿ ಕಾಯಕದ ಘನತೆಯನ್ನು ಕೊಂಡಾಡುವ ನಾವು, ಗಂಟೆ ಬಾರಿಸಿದ ಮೇಲೆ ಒಗೆತದ ಸಾಮಗ್ರಿಯನ್ನು ಕಂಡು ನಗುತ್ತೇವೆ.

ಈ ಹವ್ಯಾಸ ನನ್ನೊಬ್ಬನ ಹುಚ್ಚಲ್ಲ. ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಇದಕ್ಕೆ ದೊಡ್ಡ ಬಳಗವೇ ಇದೆ. ಕೊಲೊರಾಡೊ ಪ್ರಾಂತದ ಈಟನ್ ಎಂಬ ಊರಿನಲ್ಲಿ ಲೀ ಮ್ಯಾಕ್ಸ್‌ವೆಲ್ ಎಂಬ ನಿವೃತ್ತ ಎಂಜಿನಿಯರಿಂಗ್ ಪ್ರಾಧ್ಯಾಪಕರು ಸಾವಿರಕ್ಕೂ ಮಿಕ್ಕಿ ಒಗೆಯುವ ಯಂತ್ರಗಳನ್ನು ಕೂಡಿಸಿ, ದುರಸ್ತಿ ಮಾಡಿ, ಒಂದು ಸಂಗ್ರಹಾಲಯವನ್ನೇ ಕಟ್ಟಿದರು. ಅಲ್ಲಿಯವರು ಮೆಚ್ಚಿ ಉಳಿಸುವ ಯಂತ್ರಗಳಲ್ಲಿ ಮೇಟ್ಯಾಗ್ ಒಂದು. ಅಯೋವ ಪ್ರಾಂತದ ನ್ಯೂಟನ್ ಎಂಬ ಊರಿನಲ್ಲಿ ಬೇಸಾಯದ ಸಲಕರಣೆ ಮಾಡುತ್ತಿದ್ದ ಆ ಸಂಸ್ಥೆ 1907ರಲ್ಲಿ ಒಗೆಯುವ ಯಂತ್ರಕ್ಕೆ ಕೈಹಾಕಿತು. ವಿದ್ಯುತ್ತು ಬಾರದ ಹಳ್ಳಿಮನೆಗಳಿಗಾಗಿ ಕಾಲಿನಿಂದ ಒದ್ದು ಚಾಲೂ ಮಾಡುವ ಸಣ್ಣ ಪೆಟ್ರೋಲ್ ಎಂಜಿನನ್ನು ಅದಕ್ಕೆ ಜೋಡಿಸಿತು. 1922ರಲ್ಲಿ ಬಟ್ಟೆಯನ್ನು ತಿರುವುವ ರೆಕ್ಕೆಗಳನ್ನು ತೊಟ್ಟಿಯ ತಳದಲ್ಲಿ ಕೂರಿಸಿ, ನೀರೇ ಬಟ್ಟೆಯೊಳಗೆ ನುಗ್ಗುವಂತೆ ಮಾಡಿತು. ನ್ಯೂಟನ್ನಿನ ಆ ಕಾರ್ಖಾನೆ 2007ರಲ್ಲಿ ಮುಚ್ಚಿತು. ವೇಲ್ಸ್ ನಾಡಿನ ಮರ್ಥರ್ ಟಿಡ್‌ವಿಲ್ ಎಂಬಲ್ಲಿ 1948ರಲ್ಲಿ ತೆರೆದ ಹೂವರ್ ಕಾರ್ಖಾನೆಯಲ್ಲಿ 2009ರಲ್ಲಿ ಒಗೆಯುವ ಯಂತ್ರಗಳ ತಯಾರಿಕೆ ನಿಂತಿತು. ಕಾರ್ಖಾನೆಗಳು ಹೋದವು, ಅವುಗಳ ಯಂತ್ರಗಳು ಹವ್ಯಾಸಿಗಳ ಮನೆಗಳಲ್ಲಿ ಇನ್ನೂ ತಿರುಗುತ್ತಿವೆ.

ನನ್ನ ಕೊಟ್ಟಿಗೆಯಲ್ಲಿ ಇಂಥ ದೊಡ್ಡ ಹೆಸರುಗಳಿಲ್ಲ. ಇರುವುದೆಲ್ಲ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ದುಡಿದ, ಎರಡು ತೊಟ್ಟಿಯ ಯಂತ್ರಗಳು. ಮೊದಲನೆಯದು ನನ್ನ ತಾಯಿಯವರದು. ಮಲೆನಾಡಿನ ನಮ್ಮ ಮನೆಗೆ ಅದು 1994ರಲ್ಲಿ ಬಂತು. ಅದಕ್ಕೆ ಮುಂಚಿನ ಮಳೆಗಾಲಗಳು ನನಗೆ ಚೆನ್ನಾಗಿ ನೆನಪಿವೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದೆ, ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹಾಕಿ, ನಾವು ಮಕ್ಕಳು ಹೊಗೆ ವಾಸನೆಯ ಅಂಗಿ ತೊಟ್ಟು ಶಾಲೆಗೆ ಹೋಗುತ್ತಿದ್ದೆವು. ಕೆಸರು ಮೆತ್ತಿದ ಪಂಚೆಗಳನ್ನು ಕಲ್ಲಿಗೆ ಬಡಿದು, ಹಿಂಡಿ, ಅಮ್ಮನ ಬೆರಳ ಸಂದುಗಳು ಆಷಾಢ ಕಳೆಯುವವರೆಗೆ ಬಿರಿದಿರುತ್ತಿದ್ದವು. ಯಂತ್ರ ಬಂದ ಮೇಲೂ ಕೊರಳಪಟ್ಟಿಗಳನ್ನು ಅವಳು ಕಲ್ಲಿನ ಮೇಲೆ ತಿಕ್ಕಿಯೇ ತೊಟ್ಟಿಗೆ ಹಾಕುತ್ತಿದ್ದಳು. ಒಗೆಯುವ ವಿಷಯದಲ್ಲಿ ಅವಳಿಗೆ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ. ಆದರೆ ನೀರು ಹಿಂಡುವ ಎರಡನೆಯ ತೊಟ್ಟಿಯನ್ನು ಮಾತ್ರ ಮನೆಗೆ ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದಳು.

ಇಲ್ಲಿ ವಿದ್ಯಾವಂತರ ಒಂದು ಆಕ್ಷೇಪವಿದೆ. ರೂತ್ ಶ್ವಾರ್ಟ್ಸ್ ಕೋವನ್ ಎಂಬ ಅಮೆರಿಕದ ಚರಿತ್ರಕಾರ್ತಿ 1983ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮನೆಯ ಯಂತ್ರಗಳು ಗೃಹಿಣಿಯ ಶ್ರಮವನ್ನು ಹಗುರಮಾಡಿದರೂ ಅವಳ ಕೆಲಸದ ಹೊತ್ತನ್ನು ಇಳಿಸಲಿಲ್ಲ ಎಂದು ವಾದಿಸಿದ್ದಾರೆ. ಮಡಿಯ ಅಳತೆ ಏರಿತು. ಹೊರಗಿನವರೂ ಮನೆಯ ಇತರರೂ ಹಂಚಿಕೊಳ್ಳುತ್ತಿದ್ದ ಕೆಲಸ ಅವಳೊಬ್ಬಳ ಪಾಲಿಗೆ ಬಂತು. ಹಾಗಿದ್ದ ಮೇಲೆ ಆ ಯಂತ್ರಕ್ಕೇಕೆ ಸ್ಮಾರಕ? ಈ ವಾದ ಸುಳ್ಳೆಂದು ನಾನು ಹೇಳಲಾರೆ. ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಇದ್ದ ಒಗೆತ, ಯಂತ್ರ ಬಂದ ಮೇಲೆ ದಿನನಿತ್ಯದ ಒಗೆತವಾಯಿತು. ಅದರ ಗುಂಡಿಯನ್ನು ನನ್ನ ತಂದೆಯವರು ಒಮ್ಮೆಯೂ ತಿರುಗಿಸಿದವರಲ್ಲ. ಕಾಲೇಜು ಮುಗಿಯುವವರೆಗೆ ನಾನೂ ತಿರುಗಿಸಲಿಲ್ಲ. ಆದರೆ ಇದು ಯಂತ್ರವನ್ನು ಎಸೆಯುವುದಕ್ಕೆ ಕಾರಣವಲ್ಲ, ಉಳಿಸುವುದಕ್ಕೆ ಕಾರಣ. ನಾನು ಉಳಿಸಬೇಕೆನ್ನುವುದು ವಿಜಯಸ್ತಂಭವನ್ನಲ್ಲ, ಸಾಕ್ಷಿಯನ್ನು. ಆ ಸಾಕ್ಷಿ ನಮ್ಮಂಥ ಗಂಡಸರ ವಿರುದ್ಧವೇ ನುಡಿಯುವುದಾದರೆ ನುಡಿಯಲಿ.

ಇನ್ನು ಓಲೆಗರಿಯ ಮಾತು. ಗ್ರಂಥ ಸಂಪಾದನೆಗೂ ಈ ಕೆಲಸಕ್ಕೂ ಇರುವ ಸಾಮ್ಯ ಮಿತ್ರರಿಗೆ ಹೊಳೆದಂತಿಲ್ಲ. ಒಂದೇ ಮಾದರಿಯ ಮೂರು ಕೆಟ್ಟ ಯಂತ್ರಗಳನ್ನು ಎದುರಿಗಿಟ್ಟುಕೊಂಡು, ಒಂದರಲ್ಲಿ ಲುಪ್ತವಾದುದನ್ನು ಇನ್ನೊಂದರಿಂದ ತುಂಬಬೇಕು. ಹಿಂದಿನ ರಿಪೇರಿಯವರು ಸೇರಿಸಿದ ಪ್ರಕ್ಷಿಪ್ತಗಳನ್ನು ಗುರುತಿಸಿ ತೆಗೆಯಬೇಕು. ಸಿಕ್ಕದ ಭಾಗಕ್ಕೆ ಹೊಸದನ್ನು ಹಾಕಿದರೆ ಹಾಕಿದ್ದೇನೆಂದು ಬರೆದಿಡಬೇಕು. ತಾಯಿಯವರ ಯಂತ್ರದಲ್ಲಿ ಕೆಟ್ಟಿದ್ದುದು ಹಿಂಡುವ ತೊಟ್ಟಿಯ ಕೆಳಗೆ ದಂಡವನ್ನು ಸುತ್ತಿಕೊಂಡಿರುವ ಒಂದು ರಬ್ಬರಿನ ಸೀಲು. ಅದು ಹರಿದು, ನೀರು ತೊಟ್ಟಿಕ್ಕಿ, ಕೆಳಗಿನ ಮೋಟರು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅಂಗೈಯಗಲದ ಸೀಲಿನಿಂದ ಇಡೀ ಯಂತ್ರಕ್ಕೆ ಮರಣ! ಬಿಚ್ಚಿದಾಗ ತಳದಲ್ಲಿ ನನ್ನ ಶಾಲೆಯ ಅಂಗಿಯ ಗುಂಡಿಗಳು, ಪಿನ್ನುಗಳು, ಇಪ್ಪತ್ತೈದು ಪೈಸೆಯ ಎರಡು ನಾಣ್ಯಗಳು ಸಿಕ್ಕವು.

ಆ ಸೀಲಿಗಾಗಿ ಕಂಪನಿಯ ರಿಪೇರಿ ಕೇಂದ್ರಕ್ಕೆ ಹೋದೆ. “ಸಾರ್, ಆ ಪಾರ್ಟು ಈಗ ಬರೋದಿಲ್ಲ. ಹೊಸದು ತಗೊಂಡುಬಿಡಿ,” ಎಂದು ಅಲ್ಲಿನ ಹುಡುಗ ಬೆಲೆಪಟ್ಟಿ ಮುಂದಿಟ್ಟ. ಮೂರು ತಿಂಗಳು ಅಲೆದ ಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಅದು ಸಿಕ್ಕಿತು. ಆ ಹುಡುಗನನ್ನು ನಾನು ದೂರುವುದಿಲ್ಲ; ದೂರಬೇಕಾದುದು ತೆರೆದು ನೋಡಲಾಗದಂತೆ, ತಿದ್ದಲಾಗದಂತೆ ವಸ್ತುಗಳನ್ನು ಮಾಡುವ ವ್ಯಾಪಾರ ನೀತಿಯನ್ನು. ಯೂರೋಪಿನ ಒಕ್ಕೂಟ 2021ರ ಮಾರ್ಚಿಯಿಂದ, ಒಗೆಯುವ ಯಂತ್ರದ ಮಾದರಿಯೊಂದರ ಮಾರಾಟ ನಿಂತ ಮೇಲೂ ಅದರ ಮುಖ್ಯ ಬಿಡಿಭಾಗಗಳು ಹತ್ತು ವರ್ಷ ದೊರೆಯಬೇಕೆಂದು ಕಟ್ಟಳೆ ಮಾಡಿದೆ. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿತು. ಮಾತು ಸಮಿತಿಯಲ್ಲಿಯೇ ನಿಲ್ಲದೆ ಅಂಗಡಿಯ ಕಪಾಟಿಗೆ ಬರಬೇಕು. ರಿಪೇರಿಯಾಗದ ವಸ್ತುವಿಗೆ ಮುಪ್ಪೇ ಇಲ್ಲ, ನೇರವಾಗಿ ಸಾವು. ಮುಪ್ಪಿಲ್ಲದ ವಸ್ತುವಿಗೆ ಚರಿತ್ರೆ ಎಲ್ಲಿಯದು?

ಹಳೆಯ ಯಂತ್ರ ನೀರನ್ನು ಹೆಚ್ಚು ಕುಡಿಯುತ್ತದೆ, ನಿಜ. ಎಲ್ಲರೂ ದಿನವೂ ಅದರಲ್ಲೇ ಒಗೆಯಲಿ ಎಂದು ನಾನು ಹೇಳುತ್ತಿಲ್ಲ. ನಾನೂ ತಿಂಗಳಿಗೊಮ್ಮೆ, ಮೋಟರು ಕಚ್ಚಿಕೊಳ್ಳದಿರಲೆಂದು ನಡೆಸುತ್ತೇನೆ. ಊರಿಗೊಂದಾದರೂ ಇರಲಿ, ನಡೆಯುವ ಸ್ಥಿತಿಯಲ್ಲಿರಲಿ, ಪಕ್ಕದಲ್ಲಿ ಒಂದು ಒಗೆಯುವ ಕಲ್ಲೂ ಇರಲಿ ಎನ್ನುವುದಷ್ಟೇ ನನ್ನ ಬೇಡಿಕೆ. ಮಕ್ಕಳು ಒದ್ದೆ ಪಂಚೆಯೊಂದನ್ನು ಕಲ್ಲಿನ ಮೇಲೆ ಎತ್ತಿ ಬಡಿದು, ಅನಂತರ ಯಂತ್ರದ ಗುಂಡಿ ತಿರುಗಿಸಲಿ. ಪಾಠ ಹೇಳುವ ಅಗತ್ಯ ಬೀಳುವುದಿಲ್ಲ.

ನನಗೆ ಬಿರುದು ಕೊಟ್ಟ ಮಿತ್ರರ ಮನೆಯ ಹಿಂದೆಯೂ ಅವರ ತಾಯಿಯವರ ಯಂತ್ರವೊಂದು ಗೋಣಿತಾಟು ಹೊದ್ದು ನಿಂತಿದೆ. ಅದನ್ನು ಗುಜರಿಯವನಿಗೆ ಹಾಕದೆ ನನ್ನಲ್ಲಿಗೆ ಕಳಿಸಲಿ, ಬಿಟ್ಟಿಯಾಗಿ ನಡೆಸಿಕೊಡುತ್ತೇನೆ. ನನ್ನದು ಒಂದೇ ಷರತ್ತು: ಮೊದಲ ದಿನದ ಬಟ್ಟೆಯನ್ನು ಅವರೇ ಒಗೆಯಬೇಕು.