ವಿಮಾನದ ಬಿಳಿಗೆರೆಗೆ ನಿಲ್ದಾಣದ ಬೇಲಿ ಬೇಡ, ಬಯಲು ಬೇಕು

ವಿಮಾನದ ಫೋಟೊ ಎಂದೊಡನೆ ಬೆಂಗಳೂರಿನ ಹವ್ಯಾಸಿಗಳು ದೇವನಹಳ್ಳಿಯ ವಿಮಾನ ನಿಲ್ದಾಣದತ್ತ ಗಾಡಿ ತಿರುಗಿಸುತ್ತಾರೆ. ರನ್‌ವೇಗೆ ಇಳಿಯುವ ವಿಮಾನ ಬೇಕಿದ್ದರೆ ಅದು ಸರಿ. ಆದರೆ ನೀಲಿ ಆಕಾಶದಲ್ಲಿ ಸುಣ್ಣದ ಗೆರೆ ಎಳೆದಂತೆ ಮೂಡುವ ಕಾಂಟ್ರೇಲ್ ಬೇಕಿದ್ದವರಿಗೆ ನಿಲ್ದಾಣದ ಬೇಲಿ ತಪ್ಪು ವಿಳಾಸ. ಹಳ್ಳಿಯ ಮಕ್ಕಳು ‘ರಾಕೆಟ್, ರಾಕೆಟ್’ ಎಂದು ಕೂಗುತ್ತಾ ಓಡುವ ಬಯಲೇ ಅದಕ್ಕೆ ಸರಿಯಾದ ಜಾಗ.

ಕಾರಣ ಸರಳವಾಗಿದೆ. ಜೆಟ್ ಎಂಜಿನ್ನಿನಲ್ಲಿ ಒಂದು ಕಿಲೋ ಇಂಧನ ಉರಿದರೆ ಸುಮಾರು 1.25 ಕಿಲೋ ನೀರಾವಿ ಹೊರಬರುತ್ತದೆ. ಸುತ್ತಲಿನ ಗಾಳಿ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಆ ಆವಿ ಮಸಿಯ ಕಣಗಳನ್ನು ಹಿಡಿದು ಹನಿಯಾಗಿ, ಕೂಡಲೇ ಹೆಪ್ಪುಗಟ್ಟಿ ಹಿಮದ ಹರಳಾಗುತ್ತದೆ. ನಿಲ್ದಾಣದ ಬಳಿ ಏರುವ, ಇಳಿಯುವ ವಿಮಾನಗಳು ಬೆಚ್ಚನೆಯ ಗಾಳಿಯಲ್ಲಿರುತ್ತವೆ. ಅಲ್ಲಿ ಈ ಗೆರೆ ಮೂಡುವುದೇ ಇಲ್ಲ. ನಮ್ಮೂರಿನಲ್ಲಿ ಇಳಿಯದೆ, ತಲೆಯ ಮೇಲೆ ಬಹಳ ಎತ್ತರದಲ್ಲಿ ಹಾದುಹೋಗುವ ವಿಮಾನವೇ ಗೆರೆ ಬಿಡುವುದು.

ಇದರಲ್ಲಿ ದಕ್ಷಿಣ ಭಾರತದವರು ಗಮನಿಸಲೇಬೇಕಾದ ಇನ್ನೊಂದು ಸಂಗತಿಯಿದೆ. ಇಂಗ್ಲೆಂಡ್, ಐರ್ಲೆಂಡ್‌ಗಳ ಮೇಲೆ 35,000 ಅಡಿ ಎತ್ತರದಲ್ಲಿ ಉಷ್ಣತೆ ಸಾಮಾನ್ಯವಾಗಿ ಮೈನಸ್ 50ಕ್ಕಿಂತ ಕೆಳಗಿರುತ್ತದೆ. ಅಟ್ಲಾಂಟಿಕ್ ದಾಟುವ ವಿಮಾನಗಳ ಸಾಲೂ ಅಲ್ಲಿಯೇ ಇರುವುದರಿಂದ ಆ ಆಕಾಶದಲ್ಲಿ ಗೆರೆಗಳಿಗೆ ಬರವಿಲ್ಲ. ಕರ್ನಾಟಕದ ಮೇಲೆ ಅದೇ ಎತ್ತರದಲ್ಲಿ ಉಷ್ಣತೆ ಮೈನಸ್ 40ರ ಆಸುಪಾಸು. ಹಾಗಾಗಿ 35,000 ಅಡಿಯಲ್ಲಿ ಹೋಗುವ ಎಷ್ಟೋ ವಿಮಾನಗಳು ಇಲ್ಲಿ ಗುರುತೇ ಬಿಡದೆ ದಾಟುತ್ತವೆ. 39,000–41,000 ಅಡಿಯಲ್ಲಿ ಹೋಗುವವು ಗೆರೆ ಬಿಡುತ್ತವೆ. ಯುರೋಪಿನವರು ತಮ್ಮ ಆಕಾಶ ನೋಡಿ ಬರೆದ ಸಲಹೆಯನ್ನು ಓದಿ ಇಲ್ಲಿ ಕ್ಯಾಮೆರಾ ಹಿಡಿದು ನಿಂತರೆ ಸಂಜೆಯವರೆಗೂ ಕಾಯಬೇಕಾದೀತು.

ಆದ್ದರಿಂದ ಜಾಗ ಹುಡುಕುವ ಕೆಲಸ ಭೂಪಟದಿಂದಲ್ಲ, ಮೊಬೈಲಿನಿಂದ ಶುರುವಾಗಬೇಕು. ಗಲ್ಫ್ ನಗರಗಳಿಂದ ಸಿಂಗಪುರ, ಕ್ವಾಲಾಲಂಪುರ, ಆಸ್ಟ್ರೇಲಿಯಾ ಕಡೆಗೆ ಹೋಗುವ ಅನೇಕ ವಿಮಾನಗಳ ದಾರಿ ದಕ್ಷಿಣ ಭಾರತದ ಮೇಲಿದೆ. ಫ್ಲೈಟ್‌ರೇಡಾರ್24ನಂಥ ಆ್ಯಪ್ ಅವುಗಳ ಹೆಸರು, ದಿಕ್ಕು, ಎತ್ತರ ಎಲ್ಲವನ್ನೂ ತೋರಿಸುತ್ತದೆ. ಕೆಲವು ದಿನ ಒಂದೇ ಹೊತ್ತಿಗೆ ಅದನ್ನು ನೋಡಿದರೆ ಯಾವ ತಾಲ್ಲೂಕಿನ ಮೇಲೆ ಯಾವಾಗ ಎತ್ತರದ ವಿಮಾನ ದಾಟುತ್ತದೆ ಎಂಬುದು ತಿಳಿದುಹೋಗುತ್ತದೆ.

ದಾರಿ ಗೊತ್ತಾದರೆ ಸಾಲದು, ಮೇಲಿನ ಗಾಳಿಯ ಗುಣವೂ ಗೊತ್ತಿರಬೇಕು. ಅಲ್ಲಿ ಒಣ ಗಾಳಿಯಿದ್ದರೆ ಗೆರೆ ವಿಮಾನದ ಹಿಂದೆ ಗೇಣುದ್ದ ಕಾಣಿಸಿ ಕರಗುತ್ತದೆ. ತೇವವಿದ್ದರೆ ಗಂಟೆಗಟ್ಟಲೆ ಉಳಿದು ಅಗಲವಾಗುತ್ತದೆ. ವಿಂಡಿಯಂಥ ಹವಾಮಾನ ಆ್ಯಪ್‌ಗಳಲ್ಲಿ 200 ಹೆಕ್ಟೋಪ್ಯಾಸ್ಕಲ್ ಮಟ್ಟದ ತೇವಾಂಶ ನೋಡಬಹುದು. ಅದು ಸರಿಸುಮಾರು 39,000–40,000 ಅಡಿಯ ಗಾಳಿ. ಆ್ಯಪ್ ಇಲ್ಲದವರಿಗೂ ಸೂಚನೆಯುಂಟು: ಆಕಾಶದಲ್ಲಿ ಈಗಾಗಲೇ ತೆಳ್ಳನೆಯ ಸಿರಸ್ ಮೋಡದ ಎಳೆಗಳು ಕಾಣುತ್ತಿದ್ದರೆ ಆ ದಿನ ಗೆರೆ ನಿಲ್ಲುವ ಸಾಧ್ಯತೆ ಹೆಚ್ಚು.

ಇನ್ನು ನೆಲದ ಮಾತು. ಎಂಥ ಚಿತ್ರ ಬೇಕು ಎಂಬುದರ ಮೇಲೆ ಜಾಗ ಬದಲಾಗುತ್ತದೆ.

ವಿಮಾನದ ರೆಕ್ಕೆ, ಎಂಜಿನ್ನಿನ ಹಿಂದೆ ಗೆರೆ ಹುಟ್ಟುವ ಬಗೆ, ಎ380 ವಿಮಾನದ ನಾಲ್ಕು ಎಂಜಿನ್‌ಗಳ ಎಳೆಗಳು ಸ್ಪಷ್ಟವಾಗಿ ಬೇಕೆಂದರೆ ದಾರಿಯ ನೇರ ಕೆಳಗೇ ನಿಲ್ಲಬೇಕು. 11 ಕಿಲೋಮೀಟರ್ ಎತ್ತರದ ವಿಮಾನ ನೆತ್ತಿಯ ಮೇಲಿದ್ದಾಗ ನಮಗೂ ಅದಕ್ಕೂ ಅಷ್ಟೇ ಅಂತರ. ದಿಗಂತದಿಂದ 10 ಡಿಗ್ರಿ ಮೇಲಿದ್ದಾಗ ಅದು ಸುಮಾರು 63 ಕಿಲೋಮೀಟರ್ ದೂರದಲ್ಲಿರುತ್ತದೆ. ನಡುವಿನ ದೂಳು, ಬಿಸಿಗಾಳಿಯ ನಡುಕ ಎಂಥ ದುಬಾರಿ ಲೆನ್ಸನ್ನೂ ಸೋಲಿಸುತ್ತವೆ. ಇಲ್ಲಿ ಕಿವಿಯನ್ನು ನಂಬಬಾರದು. ಸದ್ದು ನೆಲ ಮುಟ್ಟಲು ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ವಿಮಾನ ಏಳೆಂಟು ಕಿಲೋಮೀಟರ್ ಮುಂದೆ ಸಾಗಿರುತ್ತದೆ. ಸದ್ದು ಬಂದ ಕಡೆಗಲ್ಲ, ಅದರ ಮುಂದಕ್ಕೆ ಕಣ್ಣು ಹಾಯಿಸಬೇಕು.

ಕೋಟೆ, ಬೆಟ್ಟ, ಕೆರೆಗಳ ಮೇಲೆ ಉದ್ದನೆಯ ಗೆರೆ ಬೇಕೆನ್ನುವವರು ದಾರಿಯಿಂದ ಒಂದಿಷ್ಟು ದೂರ ಸರಿದು, ಅಗಲದ ಲೆನ್ಸ್ ಹಾಕಿ ನಿಲ್ಲುವುದು ಒಳ್ಳೆಯದು. ಚಿತ್ರದುರ್ಗದ ಕಲ್ಲುಕೋಟೆ, ಹಂಪಿಯ ಮಾತಂಗ ಬೆಟ್ಟ, ಪಶ್ಚಿಮಕ್ಕೆ ಸಮುದ್ರ ತೆರೆದಿರುವ ಮರವಂತೆ, ಬಯಲುಸೀಮೆಯ ಯಾವುದೇ ಕೆರೆ ಏರಿ, ಎಲ್ಲವೂ ಆದೀತು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಹತ್ತಿದರೂ ವಿಮಾನ ಹೆಚ್ಚೇನೂ ಹತ್ತಿರವಾಗುವುದಿಲ್ಲ. ಆದರೆ ದೂಳು ತುಂಬಿದ ಗಾಳಿಯ ಬಹುಪಾಲು ಕಾಲ ಕೆಳಗೆ ಉಳಿಯುತ್ತದೆ, ಲಾಭವಿರುವುದು ಅಲ್ಲಿ. ಮಳೆ ನಿಂತು ಗಾಳಿ ತೊಳೆದಂತಿರುವ ದಿನಗಳೂ ಇದೇ ಲಾಭ ಕೊಡುತ್ತವೆ.

ಬೆಳಕಿನಲ್ಲಿ ಸಂಜೆಯನ್ನು ಮೀರಿಸುವುದು ಯಾವುದೂ ಇಲ್ಲ. ನೆಲದಲ್ಲಿ ಸೂರ್ಯ ಮುಳುಗಿದ ಮೇಲೂ ಅಷ್ಟೆತ್ತರದ ಗೆರೆಯ ಮೇಲೆ 10–15 ನಿಮಿಷ ಬಿಸಿಲಿರುತ್ತದೆ. ಊರು ಕತ್ತಲಾಗುತ್ತಿರುವಾಗ ಮೇಲೆ ಗೆರೆ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಬಹಳ ಮಂದಿ ಸೂರ್ಯ ಇಳಿದ ಕೂಡಲೇ ಟ್ರೈಪಾಡ್ ಮಡಚುತ್ತಾರೆ; ಅದು ದೊಡ್ಡ ನಷ್ಟ. ಹಗಲಿನಲ್ಲಾದರೆ ಸೂರ್ಯ ಬೆನ್ನಿಗಿರಲಿ. ಟೆಲಿ ಲೆನ್ಸನ್ನು ಸೂರ್ಯನತ್ತ ತಿರುಗಿಸಿ ವ್ಯೂಫೈಂಡರ್‌ನಲ್ಲಿ ಕಣ್ಣಿಡುವುದು ದೃಷ್ಟಿಗೇ ಅಪಾಯ.

ಇಷ್ಟೆಲ್ಲ ಮಾಡಿ ತೆಗೆದ ಚಿತ್ರದಿಂದ ಗೆರೆಯನ್ನು ಕಂಪ್ಯೂಟರಿನಲ್ಲಿ ಅಳಿಸಿ ‘ಶುದ್ಧ’ ಆಕಾಶ ಮಾಡುವವರೂ ಇದ್ದಾರೆ. ಅದು ಖಂಡಿತ ತಪ್ಪು. ಈ ಗೆರೆ ಕೇವಲ ಅಲಂಕಾರವಲ್ಲ. ಹರಡಿ ನಿಂತ ಗೆರೆಗಳು ಭೂಮಿಯಿಂದ ಹೊರಹೋಗುವ ಶಾಖವನ್ನು ತಡೆಯುತ್ತವೆ. ವಿಮಾನಯಾನದಿಂದ ಆಗುವ ತಾಪಮಾನ ಏರಿಕೆಯಲ್ಲಿ ಅವುಗಳ ಪಾಲು ದೊಡ್ಡದೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. 2017ರಲ್ಲಿ ವಿಶ್ವ ಹವಾಮಾನ ಸಂಸ್ಥೆ ತನ್ನ ಮೋಡಗಳ ಅಟ್ಲಾಸಿನಲ್ಲಿ, ಕನಿಷ್ಠ 10 ನಿಮಿಷ ಉಳಿಯುವ ಕಾಂಟ್ರೇಲ್‌ಗೆ ಸಿರಸ್ ಹೋಮೋಜೆನಿಟಸ್ ಎಂದು ಮೋಡದ ಸ್ಥಾನವನ್ನೇ ಕೊಟ್ಟಿತು. 2023ರಲ್ಲಿ ಗೂಗಲ್ ಮತ್ತು ಅಮೆರಿಕನ್ ಏರ್‌ಲೈನ್ಸ್ 70 ಪರೀಕ್ಷಾ ಹಾರಾಟಗಳಲ್ಲಿ ಎತ್ತರವನ್ನು ತುಸು ಬದಲಿಸಿ ಗೆರೆಗಳನ್ನು ಶೇ. 54ರಷ್ಟು ತಗ್ಗಿಸಿದವು. ವಿಮಾನಗಳು ಆಕಾಶದಿಂದ ರಾಸಾಯನಿಕ ಸಿಂಪಡಿಸುತ್ತಿವೆ ಎಂಬ ವಾಟ್ಸ್‌ಆ್ಯಪ್ ಸುದ್ದಿಗೂ ಸರಿಯಾದ ಉತ್ತರ ಇಂಥ ಚಿತ್ರಗಳೇ: ಒಂದೇ ಸಂಜೆ ಒಂದು ವಿಮಾನ ಗೆರೆ ಬಿಟ್ಟು, ಇನ್ನೊಂದು ಬಿಡದೆ ಹೋದದ್ದನ್ನು ಎರಡರ ಎತ್ತರದೊಂದಿಗೆ ತೋರಿಸಿದರೆ ವಾದ ಅಲ್ಲಿಗೇ ಮುಗಿಯುತ್ತದೆ.

ಹೀಗಾಗಿ ನಮ್ಮ ಜಿಲ್ಲೆಗಳ ಛಾಯಾಗ್ರಾಹಕರು ಪ್ರತಿ ಚಿತ್ರದ ಜೊತೆಗೆ ದಿನಾಂಕ, ಸಮಯ, ಊರು, ದಿಕ್ಕು, ವಿಮಾನದ ಎತ್ತರ, ಗೆರೆ ಉಳಿದ ನಿಮಿಷ ಇಷ್ಟನ್ನು ಬರೆದಿಡಲಿ. ಅದಕ್ಕೆ ಖರ್ಚಿಲ್ಲ, ಅನುಮತಿಯೂ ಬೇಕಿಲ್ಲ. ಬರೆದಿಟ್ಟ ಆ ಒಂದು ಸಾಲು ಚಿತ್ರವನ್ನು ದಾಖಲೆಯಾಗಿಸುತ್ತದೆ.